ಬೆಲೆಯ ನೆರವು ಯಾರ ಕೈ ಸೇರತಕ್ಕದ್ದು?

ಬೇಸಾಯಗಾರನಿಗೆ ಒದಗತಕ್ಕ ನಷ್ಟಗಳು ಎರಡು ಬಗೆಯವು. ಮಳೆ ಬಾರದೆಯೋ, ಮಿತಿಮೀರಿ ಬಂದೋ, ಹುಳು ಬಿದ್ದೋ ಬೆಳೆ ಕೈಗೆ ಹತ್ತದೆ ಹೋಗುವುದು ಒಂದು. ಬೆಳೆ ಚೆನ್ನಾಗಿ ಬಂದು ಕಣ ತುಂಬಿದ ಕಾಲದಲ್ಲಿ ಪೇಟೆಯಲ್ಲಿ ಧಾರಣೆ ಬಿದ್ದುಹೋಗುವುದು ಇನ್ನೊಂದು. ಮೊದಲನೆಯದು ಬಂದಾಗ ರೈತನು ಆಕಾಶವನ್ನು ನೋಡಿ ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಾನೆ. ಎರಡನೆಯದು ಬಂದಾಗ ಯಾರನ್ನು ನೋಡಬೇಕೆಂಬುದೇ ಅವನಿಗೆ ತಿಳಿಯದು. ಈ ಎರಡನೆಯ ನಷ್ಟವನ್ನು ತಡೆಯುವುದಕ್ಕಾಗಿಯೇ ಅನೇಕ ದೇಶಗಳ ಸರ್ಕಾರಗಳು ಬೆಳೆಯ ಬೆಲೆಗೆ ಆಸರೆ ಕೊಡುವ ಏರ್ಪಾಡುಗಳನ್ನು ಮಾಡಿವೆ. ಇಂತಹ ನೆರವು ಇರಬೇಕೇ ಬೇಡವೇ, ಎಷ್ಟಿರಬೇಕು ಎಂಬ ವಿಚಾರವಾಗಿ ಚರ್ಚೆ ಬೇಕಾದಷ್ಟು ನಡೆದಿದೆ. ಆದರೆ ಸರ್ಕಾರದ ಬೊಕ್ಕಸದಿಂದ ಹೊರಟ ಹಣವು ಕೊನೆಗೆ ಯಾರ ಕೈ ಸೇರುತ್ತದೆ ಎಂಬ ವಿಚಾರಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಜಮೀನುಳ್ಳವರೂ ಗ್ರಾಮಮುಖಂಡರೂ ಈ ವಿಚಾರವನ್ನು ಸಾವಧಾನವಾಗಿ ಆಲೋಚಿಸುವುದು ಅವಶ್ಯಕ. ಅದಕ್ಕೆ ಅನುಕೂಲವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ಗ್ರಾಮಾಂತರ ಕೌಂಟಿಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ನಿರೂಪಿಸಿದೆ.

ಕೌಂಟಿಯೆಂದರೆ ಆ ದೇಶದ ಬಹುತೇಕ ಸಂಸ್ಥಾನಗಳಲ್ಲಿ ಇರುವ ಒಳವಿಭಾಗ. ನಮ್ಮ ಜಿಲ್ಲೆಗೂ ತಾಲ್ಲೂಕಿಗೂ ನಡುವಿನದೆಂದು ಭಾವಿಸಬಹುದು. ಅರ್ಕಾನ್ಸಾ ಸಂಸ್ಥಾನದ ಈಶಾನ್ಯ ಭಾಗದಲ್ಲಿ, ಮಿಸಿಸಿಪ್ಪಿ ನದಿಯ ವಿಶಾಲವಾದ ಬಯಲಿನಲ್ಲಿ ಪಾಯಿನ್ಸೆಟ್ ಎಂಬ ಕೌಂಟಿ ಇದೆ. ಈಗ್ಗೆ ತೊಂಬತ್ತು ವರ್ಷಗಳ ಹಿಂದೆ ಅಲ್ಲಿಯ ಮುಖ್ಯ ಬೆಳೆ ಹತ್ತಿ. ದೊಡ್ಡ ದೊಡ್ಡ ಹಿಡುವಳಿಗಳು ಕೆಲವರ ಕೈಯಲ್ಲಿದ್ದುವು. ಉತ್ತು ಬಿತ್ತಿ ಹತ್ತಿ ಬಿಡಿಸುವವರು ಬೇರೆ. ಜಮೀನುದಾರನು ನೆಲ, ಗುಡಿಸಲು, ಹೇಸರಗತ್ತೆ, ನೇಗಿಲು, ಬೀಜಗಳನ್ನು ಒದಗಿಸುವನು. ಒಕ್ಕಲು ಕುಟುಂಬದವರು ದುಡಿದು ಬಂದ ಬೆಳೆಯಲ್ಲಿ ಅರ್ಧವನ್ನು ತೆಗೆದುಕೊಳ್ಳುವರು. ನಮ್ಮ ಕಡೆ ಕೋರಿಗೆ ಮಾಡುವುದೆಂದು ಹೇಳುವ ಪದ್ಧತಿಗೆ ಇದು ಬಹಳ ಹತ್ತಿರದ್ದು. ವರ್ಷವಿಡೀ ಹೊಟ್ಟೆಗೆ ಬಟ್ಟೆಗೆ ಜಮೀನುದಾರನ ಅಂಗಡಿಯಿಂದಲೇ ಸಾಲ. ಹತ್ತಿ ಮಾರಾಟವಾದ ಮೇಲೆ ಲೆಕ್ಕ. ಆ ಲೆಕ್ಕದಲ್ಲಿ ಒಕ್ಕಲಿನ ಕೈಗೆ ಉಳಿಯುತ್ತಿದ್ದದ್ದು ಅಲ್ಪ.

1929ರಲ್ಲಿ ಪೌಂಡೊಂದಕ್ಕೆ ಸುಮಾರು 17 ಸೆಂಟುಗಳಷ್ಟಿದ್ದ ಹತ್ತಿಯ ಧಾರಣೆ ಮೂರು ವರ್ಷಗಳೊಳಗಾಗಿ 6 ಸೆಂಟುಗಳ ಆಸುಪಾಸಿಗೆ ಇಳಿಯಿತು. ಜಮೀನುದಾರನೂ ಮುಳುಗಿದನು, ಒಕ್ಕಲೂ ಮುಳುಗಿದನು. ಆಗ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರವು 1933ನೆಯ ಇಸವಿ ಮೇ ತಿಂಗಳಲ್ಲಿ ವ್ಯವಸಾಯ ಹೊಂದಾಣಿಕೆಯ ಶಾಸನವನ್ನು ಜಾರಿಗೆ ತಂದಿತು. ವ್ಯವಸಾಯ ಮಂತ್ರಿಯಾಗಿದ್ದವರು ಹೆನ್ರಿ ವಾಲೇಸ್ ಎಂಬವರು. ಶಾಸನದ ತಾತ್ಪರ್ಯ ಸರಳವಾದದ್ದು: ಬೆಳೆ ಹೆಚ್ಚಾದುದರಿಂದ ಬೆಲೆ ಬಿದ್ದಿದೆ; ಬಿತ್ತನೆಯ ವಿಸ್ತೀರ್ಣವನ್ನು ಕಡಮೆ ಮಾಡಿದರೆ ಬೆಲೆ ಏರುವುದು; ಬಿತ್ತದೆ ಬಿಟ್ಟ ನೆಲಕ್ಕೆ ಸರ್ಕಾರವೇ ಹಣ ಕೊಡುವುದು; ಆ ಹಣಕ್ಕೆ ಗಿರಣಿಗಳ ಮೇಲೆ ತೆರಿಗೆ ಹಾಕುವುದು. ಶಾಸನ ಬರುವ ಹೊತ್ತಿಗೆ ಆ ವರ್ಷದ ಹತ್ತಿ ಮೊಳೆತು ಬೆಳೆಯುತ್ತಿದ್ದುದರಿಂದ ಸುಮಾರು ಒಂದು ಕೋಟಿ ಎಕರೆಯಷ್ಟು ನಿಂತ ಬೆಳೆಯನ್ನು ಉತ್ತು ಮಣ್ಣಿಗೆ ಸೇರಿಸಬೇಕಾಯಿತು. ಸಾಲಿನ ನಡುವೆ ನಡೆಯುವುದನ್ನೇ ಕಲಿತಿದ್ದ ಹೇಸರಗತ್ತೆಯನ್ನು ಗಿಡಗಳ ಮೇಲೆಯೇ ಹೊಡೆಯಬೇಕಾಗಿ ಬಂದಿತು.

ಮುಂದಿನ ವರ್ಷಕ್ಕೆ ಸರ್ಕಾರವು ಜಮೀನುದಾರರೊಡನೆ ಲಿಖಿತ ಕರಾರುಗಳನ್ನು ಮಾಡಿಕೊಂಡಿತು. ವಾಡಿಕೆಯ ಬಿತ್ತನೆಯಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ನೆಲವನ್ನು ಹತ್ತಿಗೆ ಹಾಕದೆ ಬಿಡತಕ್ಕದ್ದು. ಹಾಗೆ ಬಿಟ್ಟ ನೆಲದಲ್ಲಿ ಬರಬಹುದಾಗಿದ್ದ ಹತ್ತಿಗೆ ಪೌಂಡಿಗೆ ಮೂರೂವರೆ ಸೆಂಟಿನಂತೆ ನೆಲಬಾಡಿಗೆ. ಇದಲ್ಲದೆ ಗೊತ್ತಾದ ತೂಕಕ್ಕೆ ಪೌಂಡಿಗೆ ಒಂದು ಸೆಂಟಿನಂತೆ ಬೆಲೆಸಮತೆಯ ಹಣ. ನೆಲಬಾಡಿಗೆ ಪೂರ್ತಿಯಾಗಿ ಜಮೀನುದಾರನಿಗೆ. ಬೆಲೆಸಮತೆಯ ಹಣ ಮಾತ್ರ ಬೆಳೆಯ ಪಾಲಿನಂತೆ ಅರ್ಧರ್ಧ. ಎಂದರೆ ನಾಲ್ಕೂವರೆ ಸೆಂಟಿನಲ್ಲಿ ನಾಲ್ಕು ಸೆಂಟು ನೆಲದವನಿಗೆ, ಅರ್ಧ ಸೆಂಟು ದುಡಿಯುವವನಿಗೆ.

ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಕುಟುಂಬ 20 ಎಕರೆ ಮಾಡುತ್ತಿದ್ದು, ಎಕರೆಗೆ 200 ಪೌಂಡು ಹತ್ತಿ ಬರುತ್ತಿತ್ತೆಂದು ಇಟ್ಟುಕೊಳ್ಳೋಣ. ಅದರಲ್ಲಿ 8 ಎಕರೆಯನ್ನು ಬೀಳುಬಿಟ್ಟರೆ 1,600 ಪೌಂಡಿನ ಲೆಕ್ಕ. ನೆಲಬಾಡಿಗೆ 56 ಡಾಲರು, ಬೆಲೆಸಮತೆಯ ಹಣ 16 ಡಾಲರು, ಒಟ್ಟು 72. ಇದರಲ್ಲಿ ಜಮೀನುದಾರನಿಗೆ 64, ಒಕ್ಕಲಿಗೆ 8. ಒಕ್ಕಲಿಗೆ ಅನುಕೂಲವೇ ಆಗಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಮೊದಲು 20 ಎಕರೆಯ ಅರ್ಧಪಾಲು 2,000 ಪೌಂಡು, 6 ಸೆಂಟಿನಂತೆ 120 ಡಾಲರು ಬರುತ್ತಿದ್ದವನಿಗೆ, ಧಾರಣೆ 1934ರಲ್ಲಿ 12 ಸೆಂಟಿನ ಮೇಲಕ್ಕೆ ಏರಿದುದರಿಂದ, 12 ಎಕರೆಯ ಅರ್ಧಪಾಲು 1,200 ಪೌಂಡಿಗೆ 144 ಡಾಲರು ಬರುವಂತಾಯಿತು. ಆದಕಾರಣ ನೆಲದ ಮೇಲೆ ಉಳಿದ ಒಕ್ಕಲಿಗೆ ತುಸು ಲಾಭವೇ ಆಯಿತು. ಆದರೆ ಉಳಿಯುವುದೇ ಅವನ ಕೈಯಲ್ಲಿರಲಿಲ್ಲ.

ಏಕೆಂದರೆ ನೂರಕ್ಕೆ ನಲವತ್ತು ಪಾಲು ನೆಲ ಬೀಳುಬಿದ್ದ ಮೇಲೆ ಅಷ್ಟೂ ಒಕ್ಕಲುಗಳು ಜಮೀನುದಾರನಿಗೆ ಬೇಕಾಗಿರಲಿಲ್ಲ. ಅಷ್ಟೇ ಅಲ್ಲ, ಪಾಲಿನ ಒಕ್ಕಲನ್ನು ತೆಗೆದುಹಾಕಿ ದಿನಗೂಲಿಯವರಿಂದ ಕೆಲಸ ಮಾಡಿಸಿದರೆ ಬೆಲೆಸಮತೆಯ ಹಣವೂ ಪೂರ್ತಿಯಾಗಿ ಅವನಿಗೇ ಬರುತ್ತಿತ್ತು. ಸಾಧ್ಯವಾದಮಟ್ಟಿಗೆ ವಾಡಿಕೆಯಷ್ಟು ಒಕ್ಕಲುಗಳನ್ನು ಇಟ್ಟುಕೊಳ್ಳತಕ್ಕದ್ದೆಂದು ಕರಾರಿನಲ್ಲಿ ಒಂದು ಕಲಮು ಇತ್ತು. ಆದರೆ 'ಸಾಧ್ಯವಾದಮಟ್ಟಿಗೆ' ಎಂಬ ಮಾತು ಎಷ್ಟು ಅಗಲವಾದ ಬಾಗಿಲೆಂಬುದನ್ನು ಕರಾರುಪತ್ರಗಳ ಪರಿಚಯವುಳ್ಳವರಿಗೆ ಹೇಳಬೇಕಾದ್ದಿಲ್ಲ. ಪಾಯಿನ್ಸೆಟ್ ಕೌಂಟಿಯ ಟೈರೋನ್ಜಾ ಎಂಬ ಊರಿನ ಬಳಿ ಒಂದು ದೊಡ್ಡ ಹಿಡುವಳಿಯಿಂದ ಅನೇಕ ಕುಟುಂಬಗಳನ್ನು ಹೊರಡಿಸಲಾಯಿತು. 1934ನೆಯ ಜುಲೈ ತಿಂಗಳಲ್ಲಿ ಹದಿನೆಂಟು ಮಂದಿ ಅಲ್ಲಿಯ ಒಂದು ಶಾಲೆಯಲ್ಲಿ ಸೇರಿ ದಕ್ಷಿಣದ ಗೇಣಿ ರೈತರ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಹನ್ನೊಂದು ಮಂದಿ ಬಿಳಿಯರು, ಏಳು ಮಂದಿ ಕಪ್ಪು ಜನಾಂಗದವರು. ಈ ಎರಡು ಜನಾಂಗದವರು ಒಂದೇ ಸಾಲಿನಲ್ಲಿ ಕೂರುವುದೂ ನಿಷಿದ್ಧವಾಗಿದ್ದ ಪ್ರಾಂತದಲ್ಲಿ ಅವರನ್ನು ಒಂದುಗೂಡಿಸಿದ್ದು ಈ ಅರ್ಧ ಸೆಂಟಿನ ಲೆಕ್ಕ.

ಅವರ ದೂರನ್ನು ಕೇಳುವವರು ಯಾರು? ಶಾಸನವನ್ನು ನಡೆಸುವ ಅಧಿಕಾರ ಸ್ಥಳೀಯ ಸಮಿತಿಗಳ ಕೈಯಲ್ಲಿತ್ತು. ದಕ್ಷಿಣದ ಪ್ರಾಂತಗಳಲ್ಲಿ ಆ ಸಮಿತಿಗಳಲ್ಲಿ ಬಹುಮಟ್ಟಿಗೆ ಜಮೀನುದಾರರೇ ಇದ್ದರು. ಒಕ್ಕಲಿನ ದೂರು ಜಮೀನುದಾರನ ನೆಂಟರಿಷ್ಟರ ಮುಂದೆಯೇ ವಿಚಾರಣೆಗೆ ಬರುತ್ತಿತ್ತು. ದೂರುಗಳು ರಾಜಧಾನಿಯನ್ನು ಮುಟ್ಟಿದ ಮೇಲೆ, 1935ನೆಯ ಜನವರಿಯಲ್ಲಿ ಮೇರಿ ಕಾನರ್ ಮೈಯರ್ಸ್ ಎಂಬ ನ್ಯಾಯವಾದಿ ಮಹಿಳೆಯನ್ನು ಇಲಾಖೆಯವರು ಅರ್ಕಾನ್ಸಾಕ್ಕೆ ತನಿಖೆಗೆ ಕಳುಹಿಸಿದರು. ಆಕೆಯ ವರದಿಯನ್ನು ಪ್ರಕಟಿಸಲಿಲ್ಲ. ಇದ್ದ ಒಕ್ಕಲುಗಳನ್ನೇ ಉಳಿಸಿಕೊಳ್ಳಬೇಕೆಂಬುದೇ ಕರಾರಿನ ಅರ್ಥವೆಂದು ಇಲಾಖೆಯ ನ್ಯಾಯಶಾಖೆಯವರು ಅಭಿಪ್ರಾಯ ಕೊಟ್ಟರು. ಮುಂದಿನ ತಿಂಗಳಲ್ಲೇ ಆ ಶಾಖೆಯ ಮುಖ್ಯಸ್ಥ ಜೆರೋಮ್ ಫ್ರಾಂಕ್ ಮತ್ತು ಅವರ ಕೆಲವು ಸಹೋದ್ಯೋಗಿಗಳು ಕೆಲಸವನ್ನು ಕಳೆದುಕೊಂಡರು. 1936ನೆಯ ಜನವರಿಯಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಗಿರಣಿ ತೆರಿಗೆಯ ಏರ್ಪಾಡನ್ನೇ ಅಸಿಂಧುವೆಂದು ತೀರ್ಮಾನಿಸಿತು. ತರುವಾಯ 1938ರಲ್ಲಿ ಬಂದ ಹೊಸ ಶಾಸನದಲ್ಲಿ, ಬೆಳೆಯಲ್ಲಿ ಯಾರಿಗೆ ಎಷ್ಟು ಪಾಲೋ ನೆರವಿನಲ್ಲೂ ಅಷ್ಟೇ ಪಾಲು ಎಂಬ ನಿಯಮ ಸೇರಿತು. ನಿಯಮ ಒಳ್ಳೆಯದೇ, ಆದರೆ ಹೊರಟುಹೋದ ಕುಟುಂಬಗಳು ಅಷ್ಟರಲ್ಲಿ ಊರು ಬಿಟ್ಟಾಗಿತ್ತು.

ಇದು ಹಳೆಯ ಕಥೆಯೆಂದು ತಳ್ಳಿಹಾಕಕೂಡದು. ಟ್ರಾಕ್ಟರೂ ಹತ್ತಿ ಬಿಡಿಸುವ ಯಂತ್ರವೂ ಬಂದು ಅಲ್ಲಿಯ ಪಾಲಿನ ಬೇಸಾಯ ಅಳಿದುಹೋಯಿತು. ಪಾಯಿನ್ಸೆಟ್ ಕೌಂಟಿಯಲ್ಲಿ ಈಗ ಭತ್ತ ಮತ್ತು ಸೋಯಾ ಅವರೆಗಳು ಮುಖ್ಯ ಬೆಳೆಗಳು; ಆ ದೇಶದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ಸಂಸ್ಥಾನ ಅರ್ಕಾನ್ಸಾ. ಬೆಲೆಯ ನೆರವು ಮಾತ್ರ ರೂಪ ಬದಲಾಯಿಸಿಕೊಂಡು ಮುಂದುವರಿದಿದೆ. 2014ರ ಶಾಸನದ ಪ್ರಕಾರ ಹಲವು ಮುಖ್ಯ ಬೆಳೆಗಳಿಗೆ ಒಂದೊಂದು ಆಧಾರ ಬೆಲೆಯನ್ನು ಗೊತ್ತುಮಾಡಿ, ಧಾರಣೆ ಅದಕ್ಕಿಂತ ಕೆಳಗಿಳಿದರೆ ವ್ಯತ್ಯಾಸದ ಹಣವನ್ನು ಕೊಡಲಾಗುವುದು. ಭತ್ತಕ್ಕೆ ಆಗ ಗೊತ್ತುಮಾಡಿದ್ದು 100 ಪೌಂಡಿಗೆ 14 ಡಾಲರು. ರೈತನು ಬಯಸಿದರೆ ಇದಕ್ಕೆ ಬದಲಾಗಿ ಇಡೀ ಕೌಂಟಿಯ ಸರಾಸರಿ ಹುಟ್ಟುವಳಿಯನ್ನು ಆಧರಿಸಿದ ಇನ್ನೊಂದು ಕ್ರಮವನ್ನೂ ಆರಿಸಿಕೊಳ್ಳಬಹುದು. ಗಮನಿಸತಕ್ಕ ಅಂಶವೇನೆಂದರೆ, ಈ ಹಣವು ಈ ವರ್ಷ ಏನು ಬಿತ್ತಿದ್ದಾರೆಂಬುದನ್ನು ಅನುಸರಿಸದೆ, ಆ ಹಿಡುವಳಿಗೆ ಹಿಂದಿನಿಂದ ಗೊತ್ತಾಗಿರುವ ಆಧಾರ ಎಕರೆಗಳನ್ನು ಅನುಸರಿಸುತ್ತದೆ. ಎಂದರೆ ನೆಲಕ್ಕೆ ಅಂಟಿಕೊಂಡಿದೆ.

ನಗದು ಗುತ್ತಿಗೆಯಲ್ಲಿ ನೆಲ ಮಾಡುವವನಿಗೇ ಹಣ ಸಲ್ಲಬೇಕೆಂದು ಅಲ್ಲಿಯ ಈಗಿನ ಕಾನೂನು ಹೇಳುತ್ತದೆ. ಆದರೂ ನೆಲಕ್ಕೆ ಅಂಟಿದ ಹಣವು ನೆಲದೊಡೆಯನ ಕಡೆಗೆ ಹರಿಯುವುದನ್ನು ಕಾನೂನು ಪೂರ್ತಿಯಾಗಿ ತಡೆಯಲಾರದು. ಇಷ್ಟು ನೆರವು ಬರತಕ್ಕ ನೆಲವೆಂದು ಗೊತ್ತಾದೊಡನೆ ಗುತ್ತಿಗೆಯ ಮೊತ್ತ ಏರುತ್ತದೆ; ಕೊಳ್ಳುವವನು ನೆಲದ ಕ್ರಯದಲ್ಲೇ ಅದನ್ನು ಸೇರಿಸಿ ಕೊಡುತ್ತಾನೆ. ಎಷ್ಟು ಪಾಲು ಹೀಗೆ ಹರಿಯುತ್ತದೆಂಬುದರಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಅಭಿಪ್ರಾಯಭೇದವುಂಟು. ಸ್ವಲ್ಪಮಟ್ಟಿಗಾದರೂ ಹರಿಯುತ್ತದೆಂಬುದರಲ್ಲಿ ಸಂದೇಹವಿಲ್ಲ. ಹೊಸದಾಗಿ ಬೇಸಾಯಕ್ಕೆ ಇಳಿಯುವ ತರುಣನು ಸರ್ಕಾರದ ನೆರವನ್ನು ಒಂದು ಕೈಯಲ್ಲಿ ಪಡೆದು ಹೆಚ್ಚಿದ ಗುತ್ತಿಗೆಯಾಗಿ ಇನ್ನೊಂದು ಕೈಯಲ್ಲಿ ಕೊಡಬೇಕಾಗುತ್ತದೆ.

ಇನ್ನು ನಮ್ಮ ನಾಡಿನ ಸ್ಥಿತಿ. ಇಲ್ಲಿ ನೆಲವನ್ನು ಬೀಳುಬಿಡಿಸಿ ಹಣ ಕೊಡುವ ಪದ್ಧತಿಯಿಲ್ಲ. ಕನಿಷ್ಠ ಬೆಂಬಲ ಬೆಲೆಗೆ ಧಾನ್ಯವನ್ನು ಸರ್ಕಾರವೇ ಕೊಳ್ಳುವ ಪದ್ಧತಿಯಿದೆ. ರಾಗಿಯ ಬೆಂಬಲ ಬೆಲೆ 2014-15ರಲ್ಲಿ ಕ್ವಿಂಟಾಲಿಗೆ 1,550 ರೂಪಾಯಿ ಇದ್ದದ್ದು 2025-26ಕ್ಕೆ 4,886 ರೂಪಾಯಿ ಆಗಿದೆ. ಹಳೆಯ ಮೈಸೂರು ಸೀಮೆಯ ಬೆದ್ದಲು ರೈತನಿಗೆ ಇದು ಸಾಮಾನ್ಯವಾದ ಅನುಕೂಲವಲ್ಲ. ಆದರೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕಾದರೆ 'ಫ್ರೂಟ್ಸ್' ದಾಖಲೆಯ ಸಂಖ್ಯೆ ಬೇಕು. ಆ ಸಂಖ್ಯೆ ಪಹಣಿಯಲ್ಲಿರುವ ಸರ್ವೆ ನಂಬರಿಗೆ ಹೊಂದಿಕೊಂಡದ್ದು. 2019ರಲ್ಲಿ ಆರಂಭವಾದ ವರ್ಷಕ್ಕೆ 6,000 ರೂಪಾಯಿಗಳ ಕೇಂದ್ರದ ಸಹಾಯವೂ ಪಹಣಿಯ ಹೆಸರನ್ನೇ ಅನುಸರಿಸುತ್ತದೆ. ಪಹಣಿ ಯಾರ ಹೆಸರಿನಲ್ಲಿದೆಯೋ ಅವನು ರೈತ. ನೆರವು ಕೊಡುವಾಗ ನೇಗಿಲು ಯಾರ ಕೈಯಲ್ಲಿದೆಯೆಂದು ಕೇಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ ಒಂದು ವಿಶೇಷ ಕಾರಣವುಂಟು. 1974ನೆಯ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ಸೈನಿಕರು ಮತ್ತು ನಾವಿಕರ ಜಮೀನುಗಳ ವಿನಾ, ಗೇಣಿಗೆ ಕೊಡುವುದೇ ನಿಷಿದ್ಧವಾಯಿತು. ಅನೇಕ ಗೇಣಿದಾರರು ಅದರಿಂದ ನೆಲದೊಡೆಯರಾದರು. ಅದು ದೊಡ್ಡ ಉಪಕಾರ. ಆದರೆ ಗುತ್ತಿಗೆ, ಕೋರುಗಳು ನಿಂತುಹೋಗಲಿಲ್ಲ. ಮಾತಿನಲ್ಲಿ ನಡೆಯುತ್ತ ಬಂದುವು. ಮಕ್ಕಳೆಲ್ಲ ಪಟ್ಟಣ ಸೇರಿದ ಮುದುಕರು, ಗಂಡನನ್ನು ಕಳೆದುಕೊಂಡ ಹೆಂಗಸರು, ಉದ್ಯೋಗಸ್ಥರು ತಮ್ಮ ನೆಲವನ್ನು ನೆರೆಯವನ ಕೈಗೆ ಕೊಡದೆ ಇನ್ನೇನು ಮಾಡಬಲ್ಲರು? ಮಾತಿನ ಗುತ್ತಿಗೆಗೆ ಕಾಗದವಿಲ್ಲ. ಕಾಗದವಿಲ್ಲದವನಿಗೆ ಖರೀದಿ ಕೇಂದ್ರವಿಲ್ಲ. ಅವನು ಬೆಳೆದ ರಾಗಿಯನ್ನು ಒಡೆಯನ ಹೆಸರಿನಲ್ಲಿ ಮಾರಿ, ಒಡೆಯನ ಬ್ಯಾಂಕಿನ ಲೆಕ್ಕಕ್ಕೆ ಬಂದ ಹಣವನ್ನು ಕೇಳಿ ಪಡೆಯಬೇಕು. ಇಲ್ಲವೇ ಸಿಕ್ಕಿದ ಧಾರಣೆಗೆ ವ್ಯಾಪಾರಿಗೆ ಕೊಡಬೇಕು. ಸಜ್ಜನರಾದ ಒಡೆಯರು ಹಣವನ್ನು ಮರುದಿನವೇ ಎಣಿಸಿಕೊಡುತ್ತಾರೆಂಬುದು ನಿಜ. ಆದರೆ ಒಬ್ಬನ ಶ್ರಮದ ಫಲವು ಇನ್ನೊಬ್ಬನ ಸೌಜನ್ಯವನ್ನು ಅವಲಂಬಿಸಿರುವುದು ಒಳ್ಳೆಯ ಏರ್ಪಾಡಲ್ಲ.

ಜಮೀನುದಾರರು ಇದಕ್ಕೆ ಹೇಳುವ ಆಕ್ಷೇಪಣೆಗಳು ಮುಖ್ಯವಾಗಿ ಎರಡು. ನೆಲ ನಮ್ಮದು, ಬಾವಿ ತೋಡಿಸಿದ ಸಾಲ ನಮ್ಮದು, ನೆರವಿನಲ್ಲಿ ನಮಗೆ ಪಾಲು ಬೇಡವೇ ಎಂಬುದು ಒಂದು. ನೆಲಕ್ಕೂ ಬಾವಿಗೂ ಪ್ರತಿಫಲವೆಂದೇ ಗುತ್ತಿಗೆ ಗೊತ್ತಾಗಿರುತ್ತದೆ. ಧಾರಣೆ ಬಿದ್ದರೆ ನಗದು ಗುತ್ತಿಗೆಯ ಒಡೆಯನಿಗೆ ನಷ್ಟವಿಲ್ಲ. ನಷ್ಟ ಯಾರದೋ ನಷ್ಟಪರಿಹಾರವೂ ಅವನದೇ ಆಗಬೇಕು. ಕೋರಿನಲ್ಲಿಯಾದರೆ ಒಡೆಯನೂ ಬೆಳೆಯ ಪಾಲುದಾರ. ಅಲ್ಲಿ ಅವನ ಪಾಲನ್ನು ಅವನು ಪಡೆಯುವುದು ನ್ಯಾಯವೇ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕವುಳ್ಳದ್ದು. ಮಾಡುವವನ ಹೆಸರು ಕಾಗದದಲ್ಲಿ ಬಂದರೆ ನಾಳೆ ನೆಲವೇ ಹೋದೀತೆಂಬ ಭಯ. 1974ರ ನೆನಪಿರುವ ಕುಟುಂಬಗಳಲ್ಲಿ ಈ ಭಯ ಸಹಜವಾದದ್ದೇ, ಅದನ್ನು ಹೀಗಳೆಯಕೂಡದು. ಭಯಕ್ಕೆ ಔಷಧ ಕಾನೂನಿನಲ್ಲಿದೆ. ನೆರೆಯ ಆಂಧ್ರಪ್ರದೇಶದಲ್ಲಿ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಶಾಸನವನ್ನು ಮಾಡಿದ್ದಾರೆ. ಅದರಂತೆ ಒಡೆಯನೂ ಸಾಗುವಳಿದಾರನೂ ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುತ್ತಾರೆ. ಆ ಕಾಗದದಿಂದ ಬೆಳೆಯ ಮೇಲೆ ಮಾತ್ರ ಹಕ್ಕು; ನೆಲದ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಒಡೆಯನ ಒಪ್ಪಿಗೆಯಿಲ್ಲದೆ ಕಾಗದವೇ ಆಗುವುದಿಲ್ಲವಾದುದರಿಂದ ಒಪ್ಪದವನ ಒಕ್ಕಲಿಗೆ ಅದು ನೆರವಾಗದೆಂಬುದು ಅದರ ಕೊರತೆ. ಹಾಗಿದ್ದರೂ ನೆಲ ಬೇರೆ, ಬೆಳೆ ಬೇರೆ ಎಂಬ ವಿವೇಕವನ್ನು ಕಾನೂನಿನಲ್ಲಿ ಬರೆದದ್ದು ದೊಡ್ಡ ಕೆಲಸ. ನಮ್ಮ ರಾಜ್ಯದಲ್ಲೂ ಅಂತಹ ಶಾಸನ ಬರುವುದು ಒಡೆಯನಿಗೂ ಸಾಗುವಳಿದಾರನಿಗೂ ಕ್ಷೇಮಕರ. ಇಂದಿನ ಕಾಗದವಿಲ್ಲದ ಸ್ಥಿತಿಯಲ್ಲಿ ನಿಷಿದ್ಧವಾದ ಗೇಣಿಯ ಅಪಾಯ ಒಡೆಯನ ತಲೆಯ ಮೇಲೂ ತೂಗುತ್ತಲೇ ಇದೆಯಷ್ಟೆ.

ಶಾಸನ ಬರುವವರೆಗೂ ಕೈಕಟ್ಟಿ ಕುಳಿತಿರಬೇಕಾದ್ದಿಲ್ಲ. ಈಗಲೇ ನಡೆಸಬಹುದಾದ ಕೆಲಸಗಳು ಕೆಲವುಂಟು. ಬೆಳೆ ಸಮೀಕ್ಷೆಯ ಕಾಲದಲ್ಲಿ ಗ್ರಾಮಮುಖಂಡರು ಹಾಜರಿದ್ದು, ಹೊಲದಲ್ಲಿ ನಿಜವಾಗಿ ಇರುವ ಬೆಳೆಯೇ ದಾಖಲಾಗುವಂತೆ ನೋಡಿಕೊಳ್ಳುವುದು ಮೊದಲನೆಯದು. ಗುತ್ತಿಗೆ ಮಾತನಾಡುವಾಗಲೇ, ಧಾನ್ಯವು ಒಡೆಯನ ಹೆಸರಿನಲ್ಲಿ ಮಾರಾಟವಾದರೆ ಹಣವನ್ನು ಎಷ್ಟು ದಿನದೊಳಗೆ ಕೊಡತಕ್ಕದ್ದೆಂಬುದನ್ನು ಹಿರಿಯರ ಎದುರಿನಲ್ಲಿ ಗೊತ್ತುಮಾಡುವುದು ಎರಡನೆಯದು. ಬೆಂಬಲ ಬೆಲೆ ಏರಿತೆಂಬ ಒಂದೇ ಕಾರಣದಿಂದ ವರ್ಷದ ನಡುವೆ ಗುತ್ತಿಗೆಯನ್ನು ಏರಿಸದಿರುವುದು ಮೂರನೆಯದು. ಈ ಮೂರಕ್ಕೂ ಸರ್ಕಾರದ ಹುಕುಂ ಬೇಕಾಗಿಲ್ಲ. ಊರಿನ ಮಾತು ಸಾಕು. ನಾಲ್ಕನೆಯದಾಗಿ, ಇಂತಹ ವ್ಯಾಜ್ಯಗಳನ್ನು ತೀರಿಸಲು ಕೂರುವ ಪಂಚಾಯಿತಿಯಲ್ಲಿ ಗುತ್ತಿಗೆಗೆ ಮಾಡುವವರಲ್ಲಿ ಒಬ್ಬಿಬ್ಬರಿಗಾದರೂ ಸ್ಥಳವಿರಬೇಕು. ಪಾಯಿನ್ಸೆಟ್ ಕೌಂಟಿಯ ಒಕ್ಕಲುಗಳಿಗೆ ನ್ಯಾಯ ದೊರೆಯದೆ ಹೋದದ್ದು ಶಾಸನದ ದೋಷದಿಂದ ಎಷ್ಟೋ, ತೀರ್ಪು ಹೇಳುವವರೆಲ್ಲ ಒಂದೇ ಪಕ್ಷದವರಾಗಿದ್ದುದರಿಂದಲೂ ಅಷ್ಟೇ.

ಬೆಲೆಯ ನೆರವು ಕೂಡದೆಂದು ಈ ಲೇಖನದ ಅಭಿಪ್ರಾಯವಲ್ಲ. ಧಾರಣೆ ಬಿದ್ದ ವರ್ಷದಲ್ಲಿ ಆಸರೆಯಿಲ್ಲದಿದ್ದರೆ ಮೊದಲು ಸೋಲುವವನು ಗುತ್ತಿಗೆಯ ರೈತನೇ. ಅವನು ಸೋತು ಊರು ಬಿಟ್ಟರೆ ಒಡೆಯನ ನೆಲವನ್ನು ಮಾಡುವವರಾರು? ಕಾಲುವೆಗೆ ನೀರು ಬಿಟ್ಟರೆ ಸಾಲದು. ಕೊನೆಯ ಗದ್ದೆಗೆ ಮುಟ್ಟಿತೇ ಎಂದು ನೋಡಿಬರುವುದು ನೀರುಗಂಟಿಯ ಧರ್ಮ. ಬೆಲೆಯ ನೆರವಿನ ವಿಷಯದಲ್ಲಿ ಆ ನೀರುಗಂಟಿಯ ಕೆಲಸ ಗ್ರಾಮಮುಖಂಡರ ಪಾಲಿಗೆ ಬಂದಿದೆ. ಟೈರೋನ್ಜಾ ಊರಿನಲ್ಲಿ ಆ ಹದಿನೆಂಟು ಮಂದಿಯ ಸಂಘದ ನೆನಪಿಗಾಗಿ ಈಗ ಒಂದು ವಸ್ತುಸಂಗ್ರಹಾಲಯವಿದೆ. ಕಾಲಕ್ಕೆ ಸರಿಯಾಗಿ ಅರ್ಧ ಸೆಂಟಿನ ಲೆಕ್ಕವನ್ನು ತಿದ್ದಿದ್ದರೆ ಆ ಕಟ್ಟಡದಲ್ಲಿ ಇಡುವುದಕ್ಕೆ ಏನೂ ಇರುತ್ತಿರಲಿಲ್ಲ. ನಮ್ಮ ಊರುಗಳ ಲೆಕ್ಕವನ್ನು ನಾವು ಈ ಸುಗ್ಗಿಯಲ್ಲೇ ತಿದ್ದಿಕೊಳ್ಳುವುದು ಉಚಿತ.